ಪೆಟ್ರೋಲ್ ಬರ್ತಾ ಇದೆ, ಸರಿ... ಎಷ್ಟು ಬರ್ತಾ ಇದೆ?

2023ರ ನವೆಂಬರ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಏಳೂವರೆ ಇರಬಹುದು. ಮುಂದೆ ನಾನು, ಹಿಂದೆ ಮಗಳು, ನಮ್ಮಿಬ್ಬರ ಕೆಳಗೆ ಅಪ್ಪನ 1969ರ ಜಾವಾ. ಮೈಸೂರಿನಿಂದ ನಂಜನಗೂಡಿಗೆ ಹೊರಟಿದ್ದೆವು. ಕಡಕೊಳ ದಾಟಿ ರಸ್ತೆ ನೆಟ್ಟಗೆ, ಖಾಲಿ ಸಿಕ್ಕಿತು. ಗಾಡಿಯೂ ಖುಷಿಯಾಗಿತ್ತು. ಸ್ಪೀಡೋಮೀಟರ್ ಮುಳ್ಳು 70ರ ಹತ್ತಿರ ನಡುಗುತ್ತಿತ್ತು. ಆ ಎರಡು ಸೈಲೆನ್ಸರುಗಳ ಸದ್ದು ನಿಮಗೆ ಗೊತ್ತಲ್ಲ, ಅದನ್ನು ಕೇಳುತ್ತಾ ಹೋಗುತ್ತಿದ್ದೆ.

ಆಮೇಲೆ ಆ ಸದ್ದು ಸ್ವಲ್ಪ ತೆಳುವಾಯಿತು. ಗಂಟಲು ಕಟ್ಟಿದವರು ಮಾತಾಡಿದ ಹಾಗೆ. ಏನೋ ಅನ್ನುವಷ್ಟರಲ್ಲಿ "ಕಿರ್ರ್" ಎಂದು ಹಿಂದಿನ ಚಕ್ರ ಹಿಡಿದುಕೊಂಡಿತು. ಗಾಡಿ ಒಂದು ಕಡೆ ವಾಲಿತು. ಮಗಳು ನನ್ನ ಬೆನ್ನಿಗೆ ಅಪ್ಪಳಿಸಿದಳು. ಬುದ್ಧಿಗಿಂತ ಮೊದಲು ಎಡಗೈ ಕೆಲಸ ಮಾಡಿ ಕ್ಲಚ್ ಹಿಡಿಯಿತು, ಚಕ್ರ ಬಿಟ್ಟುಕೊಂಡಿತು, ಗಾಡಿ ತೂರಾಡಿಕೊಂಡು ರಸ್ತೆ ಬದಿಗೆ ಬಂದು ನಿಂತಿತು. ಹಿಂದೆ ಬರುತ್ತಿದ್ದ ಲಾರಿಯವನು ಹಾರನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋದ. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಕಾಲು ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ಇಂಜಿನ್ ಸೀಜ್ ಆಗಿತ್ತು. ಅಂದರೆ ಪಿಸ್ಟನ್ ಬಿಸಿಯಾಗಿ, ಹಿಗ್ಗಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು. ಅರ್ಧ ಗಂಟೆ ತಣ್ಣಗಾದ ಮೇಲೆ ಕಿಕ್ಕರ್ ಅಲ್ಲಾಡಿತು. ನಿಧಾನಕ್ಕೆ ಓಡಿಸಿಕೊಂಡು ವಾಪಸ್ ಬಂದೆವು. ಮಗಳು ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ನನ್ನ ಹೆಂಡತಿಗೆ ಪ್ಯಾಂಟಿನ ಗ್ರೀಸ್ ಕಲೆ ನೋಡಿಯೇ ಎಲ್ಲ ಗೊತ್ತಾಯಿತು. "ಆ ಗಾಡೀನ ಯಾರಿಗಾದ್ರೂ ಕೊಟ್ಬಿಡಿ" ಎಂದಳು. ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ಒಂದೂವರೆ ವರ್ಷದಲ್ಲಿ ಇದು ಎರಡನೇ ಸಲ ಸೀಜ್ ಆಗಿದ್ದು. ಮೊದಲ ಸಲ 2022ರಲ್ಲಿ ಆದಾಗ ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದ. ಈಗಲೂ ಅವನ ಉತ್ತರ ಅದೇ: "ಬೋರ್ ಮಾಡ್ಸಿ ಸಾರ್." ಆದರೆ ಸಿಲಿಂಡರನ್ನು ಎಷ್ಟು ಸಲ ಅಂತ ಕೊರೆಯುವುದು? ಈ ಸಿಲಿಂಡರಿಗೆ ಇನ್ನೊಂದು ಬೋರ್ ಆದರೆ ಅದೇ ಕೊನೆ ಎಂದು ಅವನೇ ಹೇಳಿದ.

ಅಪ್ಪ ಆ ಗಾಡಿಯನ್ನು 1976ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಅಮ್ಮ ಬಂದದ್ದು ಟಾಂಗಾದಲ್ಲಿ, ಅದರ ಹಿಂದೆ ಅಪ್ಪ ಈ ಜಾವಾದಲ್ಲಿ. ಕೊಡುವುದು ಸುಲಭವಿರಲಿಲ್ಲ. ಹಾಗಂತ ಮಗಳನ್ನು ಕೂರಿಸಿಕೊಂಡು ಇನ್ನೊಂದು ಸಲ ಪರೀಕ್ಷೆ ಮಾಡುವುದೂ ಆಗದು. ಏಕೆ ಹೀಗಾಗುತ್ತಿದೆ ಎಂದು ಗೊತ್ತಾಗಲೇಬೇಕಿತ್ತು. ನಾನು ಇಂಜಿನಿಯರ್ ಅಲ್ಲ, ಲೆಕ್ಕಪತ್ರ ನೋಡುವ ಮನುಷ್ಯ. ಆದ್ದರಿಂದ ನನಗೆ ತಿಳಿದ ದಾರಿಯಲ್ಲೇ, ಅಂದರೆ ಹಳೆಯ ಪುಟಗಳನ್ನು ತಿರುವಿಹಾಕುತ್ತಾ, ಹೊರಟೆ. ಹಾಗೆ ಹೊರಟಾಗ ಸಿಕ್ಕ ಇತಿಹಾಸ ಇಲ್ಲಿದೆ. ಕೊನೆಗೆ ರೋಗವೂ ಸಿಕ್ಕಿತು. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

* * *

ಮೊದಲು ಕಾರ್ಬೊರೇಟರ್ ಎಂಬ ಪದಾರ್ಥದ ಬಗ್ಗೆ.

ಪೆಟ್ರೋಲ್ ದ್ರವವಾಗಿದ್ದಾಗ ಇಂಜಿನ್ನಿಗೆ ಪ್ರಯೋಜನವಿಲ್ಲ. ಅದು ಆವಿಯಾಗಿ ಗಾಳಿಯ ಜೊತೆ ಬೆರೆಯಬೇಕು. ಅದಕ್ಕೂ ಒಂದು ಲೆಕ್ಕವಿದೆ: ತೂಕದಲ್ಲಿ ಪೆಟ್ರೋಲ್ ಒಂದು ಪಾಲು ಇದ್ದರೆ ಗಾಳಿ ಹೆಚ್ಚೂಕಡಿಮೆ 14.7 ಪಾಲು. ಮೊದಮೊದಲ ಇಂಜಿನ್ನುಗಳಲ್ಲಿ ಒಂದು ಡಬ್ಬಿಯಲ್ಲಿ ಪೆಟ್ರೋಲ್ ಇಟ್ಟು ಅದರ ಮೇಲೆ ಗಾಳಿ ಹಾಯಿಸುತ್ತಿದ್ದರು. ಒದ್ದೆ ಬಟ್ಟೆ ಒಣಗುವ ಹಾಗೆ ಆವಿ ಏಳುತ್ತಿತ್ತು. ಚಳಿ ಬಿದ್ದರೆ ಆವಿ ಕಡಿಮೆ, ಬಿಸಿಲು ಬಂದರೆ ಹೆಚ್ಚು. ಅಂಥ ಇಂಜಿನ್ನನ್ನು ನಂಬುವುದು ಹೇಗೆ?

1893 ಈ ಕಥೆಯಲ್ಲಿ ದೊಡ್ಡ ವರ್ಷ. ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ ಎಂಬಿಬ್ಬರು ಪೆಟ್ರೋಲನ್ನು ಸಣ್ಣ ತೂತಿನಿಂದ ತುಂತುರಾಗಿ ಚಿಮ್ಮಿಸುವ ಕಾರ್ಬೊರೇಟರಿಗೆ ಪೇಟೆಂಟ್ ಪಡೆದದ್ದು ಆ ವರ್ಷ. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಕೂಡ ಹೆಚ್ಚೂಕಡಿಮೆ ಅದೇ ಸಮಯದಲ್ಲಿ ಅದೇ ಜಾಗಕ್ಕೆ ಬಂದು ಮುಟ್ಟಿದ್ದರು. ಹೂ ಮಾರುವ ಹುಡುಗಿಯೊಬ್ಬಳು ಬಾಯಲ್ಲಿ ಊದಿ ಹೂವಿಗೆ ನೀರು ಚಿಮುಕಿಸುತ್ತಿದ್ದುದನ್ನು ನೋಡಿ ಬಾಂಕಿ ಮತ್ತು ಚೋಂಕಾರಿಗೆ ಇದು ಹೊಳೆಯಿತು ಎಂದು ಬುಡಾಪೆಸ್ಟಿನಲ್ಲಿ ಒಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ.

ನಮ್ಮ ಕಾಲದವರಿಗಾದರೆ ಫ್ಲಿಟ್ ಪಂಪಿನ ಉದಾಹರಣೆ ಸಾಕು. ಸೊಳ್ಳೆಗೆ ಹೊಡೆಯುತ್ತಿದ್ದೆವಲ್ಲ, ಆ ತಗಡಿನ ಪಂಪು. ಗಾಳಿ ಕಿರಿದಾದ ಜಾಗದಲ್ಲಿ ವೇಗವಾಗಿ ನುಗ್ಗಿದರೆ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಕೆಳಗಿನ ದ್ರವ ತಾನೇ ಮೇಲೆ ಏರಿ ಬರುತ್ತದೆ. 1738ರಲ್ಲಿ ಬರ್ನೂಲಿ ಪುಸ್ತಕದಲ್ಲಿ ಬರೆದದ್ದು, 1797ರಲ್ಲಿ ಇಟಲಿಯ ವೆಂಟೂರಿ ಕಿರಿದಾದ ಕೊಳವೆಗಳಲ್ಲಿ ತೋರಿಸಿದ್ದು ಇದೇ. ಕಾರ್ಬೊರೇಟರಿನ ಕಿರಿದಾದ ಗಂಟಲಿಗೆ ಈಗಲೂ ವೆಂಟೂರಿ ಎಂದೇ ಹೆಸರು.

ಇದಕ್ಕೆ ಜೊತೆಯಾಗಿ ಒಂದು ಪುಟ್ಟ ತೊಟ್ಟಿ. ಅದರೊಳಗೆ ಹಿತ್ತಾಳೆಯ ತೇಲುಬುರುಡೆ, ಅದೇ ಫ್ಲೋಟ್. ನಿಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಏನು ಮಾಡುತ್ತದೋ ಇದೂ ಅದನ್ನೇ ಮಾಡುತ್ತದೆ. ಪೆಟ್ರೋಲ್ ಒಂದು ಮಟ್ಟಕ್ಕೆ ಬಂದರೆ ಸೂಜಿಯೊಂದು ಮೇಲೆದ್ದು ದಾರಿ ಮುಚ್ಚುತ್ತದೆ, ಮಟ್ಟ ಇಳಿದರೆ ತೆರೆಯುತ್ತದೆ. ಈ ಮಟ್ಟ ಸರಿ ಇದ್ದರೆ ಎಲ್ಲ ಸರಿ. ಮಟ್ಟ ಮೇಲಾದರೆ ಪೆಟ್ರೋಲ್ ಸೋರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಕೆಳಗಾದರೆ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

* * *

ಇನ್ನು ಜಾವಾ.

ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ಆಯುಧಗಳ ಕಾರ್ಖಾನೆ ಇಟ್ಟುಕೊಂಡಿದ್ದವರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡು ತಯಾರಿಸಲು ಹೊರಟರು. ಯಾನೆಚೆಕ್‌ನ 'ಜಾ', ವಾಂಡರರ್‌ನ 'ವಾ', ಎರಡೂ ಸೇರಿ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ :-) ಆ 500 ಸಿಸಿ ಗಾಡಿ ದುಬಾರಿಯಾಯಿತು. ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು 1932ರಲ್ಲಿ ಬಂದ, ಇಂಗ್ಲೆಂಡಿನ ವಿಲಿಯರ್ಸ್ ಇಂಜಿನ್ ಇದ್ದ 175 ಸಿಸಿಯ ಅಗ್ಗದ ಟೂ ಸ್ಟ್ರೋಕ್ ಗಾಡಿ. ಅಲ್ಲಿಂದ ಜಾವಾ ಎಂದರೆ ಟೂ ಸ್ಟ್ರೋಕ್ ಎಂದೇ ಆಯಿತು. ಯುದ್ಧದ ಕಾಲದಲ್ಲಿ ಜರ್ಮನರ ಕಣ್ಣು ತಪ್ಪಿಸಿ ರೂಪಿಸಿದ 250 ಸಿಸಿ ಗಾಡಿಯನ್ನು 1946ರಲ್ಲಿ ಹೊರತಂದರು. 1954ರಲ್ಲಿ ಬಂದದ್ದು 353 ಎಂಬ ಮಾದರಿ. ನಮ್ಮ ಮೈಸೂರಿನ ಜಾವಾ ಈ 353ರ ಸಂತತಿ.

ಬೊಂಬಾಯಿಯ ಇರಾನಿ ಕುಟುಂಬ ಮೊದಲು ಜಾವಾಗಳನ್ನು ತರಿಸಿ ಮಾರುತ್ತಿತ್ತು. ಆಮದಿಗೆ ಕಡಿವಾಣ ಬಿದ್ದ ಮೇಲೆ ಇಲ್ಲೇ ತಯಾರಿಸಲು ಪರವಾನಗಿ ಪಡೆದು, ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಾಗ ನಮ್ಮ ಯಾದವಗಿರಿ. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಗಾಡಿಗಳು ಹೊರಬಂದವು. 1973ರಿಂದ ಹೆಸರು ಯೆಜ್ಡಿ ಎಂದಾಯಿತು, ಇರಾನಿನ ಯಜ್ದ್ ಪಟ್ಟಣದ ನೆನಪಿನಲ್ಲಿ. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಡುವಿನ ಆ ಮೂವತ್ತೈದು ವರ್ಷಗಳಲ್ಲಿ ಮೈಸೂರಿನ ಬೀದಿಗೊಬ್ಬ ಜಾವಾ ನೌಕರ, ಕೇರಿಗೊಬ್ಬ ಜಾವಾ ಮೆಕ್ಯಾನಿಕ್ ಇದ್ದರು ಎಂದರೆ ತೀರಾ ಉತ್ಪ್ರೇಕ್ಷೆಯೇನಲ್ಲ.

ನನ್ನ ಗಾಡಿಯಲ್ಲಿರುವುದು ಯಿಕೋವ್ ಕಾರ್ಬೊರೇಟರ್. ಚೆಕ್ ಭಾಷೆಯವರು ಯಿಕೋವ್ ಎನ್ನುತ್ತಾರೆ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಜಿಕೋವ್. ಮೈ ಮೇಲೆ 2924 ಎಂದು ಅಚ್ಚಾಗಿದೆ. ಅದರಲ್ಲಿ ಕೊನೆಯ 24 ಎಂದರೆ ಗಂಟಲಿನ ಅಗಲ, 24 ಮಿಲಿಮೀಟರ್. ಬಹಳ ಸರಳವಾದ ಯಂತ್ರ. ಆಕ್ಸಿಲರೇಟರ್ ತಿರುಗಿಸದೆ ಇದ್ದಾಗ ಸಣ್ಣ ಜೆಟ್ ಪೆಟ್ರೋಲ್ ಕೊಡುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಉದ್ದನೆಯ ನೀಡಲ್ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ಹಾಗಾಗಿ ಗಾಡಿ ಯಾವ ಹಂತದಲ್ಲಿ ಕೆಮ್ಮುತ್ತದೆ ಎಂದು ಗಮನಿಸಿದರೆ ಎಲ್ಲಿ ಕಸ ಕೂತಿದೆ ಎಂದು ಅರ್ಧ ಹೇಳಬಹುದು. ನಿಂತಾಗ ಆಫ್ ಆದರೆ ಸಣ್ಣ ಜೆಟ್. ಏರು ಹತ್ತುವಾಗ ಸೋತರೆ ಮೇನ್ ಜೆಟ್.

ನಮ್ಮ ಗಾಡಿ ಇವೆರಡರಲ್ಲಿ ಯಾವುದನ್ನೂ ಮಾಡುತ್ತಿರಲಿಲ್ಲ. ಊರೊಳಗೆ ಬಂಗಾರ. ಹೆದ್ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಮಾತ್ರ ತೊಂದರೆ. ನಾನು ಜೆಟ್‌ಗಳನ್ನು ಮೂರು ಸಲ ಬಿಚ್ಚಿ, ಊದಿ, ಬೆಳಕಿಗೆ ಹಿಡಿದು ನೋಡಿದ್ದೆ. ಫಳಫಳ ಎನ್ನುತ್ತಿದ್ದವು.

* * *

ಈ ಹುಡುಕಾಟದಲ್ಲಿ ನನಗೆ ಹೊಳೆದ ಒಂದು ಸಂಗತಿ: ಹಳೆಯ ಗಾಡಿಯ ಕಾಯಿಲೆಗಳಿಗೂ ಕಾಲಮಾನವಿದೆ. ಅಪ್ಪನ ಕಾಲದ ಕಾಯಿಲೆ ಬೇರೆ, ನನ್ನ ಕಾಲದ್ದು ಬೇರೆ. ಗಾಡಿ ಅದೇ. ಬದಲಾದದ್ದು ಅದರೊಳಗೆ ಸುರಿಯುವ ಪೆಟ್ರೋಲ್.

ಅಪ್ಪ ಒಂದು ನೋಟ್‌ಬುಕ್ ಇಟ್ಟಿದ್ದರು. ಎಷ್ಟು ಲೀಟರ್, ಎಷ್ಟು ಆಯಿಲ್, ಎಷ್ಟು ದುಡ್ಡು, ಏನು ರಿಪೇರಿ, ಎಲ್ಲ ಬರೆಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಪುಟಗಳಲ್ಲಿ ಒಂದೇ ಗೋಳು: ಮೈಲೇಜ್. 1973ರಲ್ಲಿ ಅರಬ್ ದೇಶಗಳು ತೈಲಕ್ಕೆ ತಡೆ ಹಾಕಿದ ಮೇಲೆ ಪ್ರಪಂಚದಾದ್ಯಂತ ಬೆಲೆ ಏರಿತಲ್ಲ, ಅದರ ಬಿಸಿ ಮೇಷ್ಟ್ರ ಸಂಬಳಕ್ಕೂ ತಟ್ಟಿತ್ತು. ಆಗಿನ ಮೆಕ್ಯಾನಿಕ್‌ಗಳ ಉಪಾಯವೆಂದರೆ ನೀಡಲಿನ ಕ್ಲಿಪ್ ಬದಲಿಸಿ ನೀಡಲನ್ನು ಒಂದು ಗೀರು ಕೆಳಗಿಳಿಸುವುದು. ಪೆಟ್ರೋಲ್ ಉಳಿಯುತ್ತಿತ್ತು. ಹಾಗೆಯೇ ಇಂಜಿನ್ ಬಿಸಿಯೂ ಆಗುತ್ತಿತ್ತು. ನೋಟ್‌ಬುಕ್ಕಿನಲ್ಲಿ "ನೀಡಲ್ ಇಳಿಸಿದೆ" ಎಂಬ ಸಾಲಿನ ನಂತರ ಎರಡು ತಿಂಗಳಿಗೆ "ಪಿಸ್ಟನ್ ರಿಂಗ್" ಎಂದಿದೆ. ಅದರ ಮುಂದಿನ ಸಾಲು "ನೀಡಲ್ ಮೊದಲಿನಂತೆ".

ಎಂಬತ್ತರ ದಶಕದ ಗೋಳು ಸೀಮೆಎಣ್ಣೆ. ಪಡಿತರದ ಸೀಮೆಎಣ್ಣೆ ಅಗ್ಗ, ಪೆಟ್ರೋಲ್ ದುಬಾರಿ. ನಡುವೆ ಕಲಬೆರಕೆ ಮಾಡುವವರು ಇರದೆ ಇರುತ್ತಾರೆಯೇ? ಸೀಮೆಎಣ್ಣೆ ಸೇರಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಹೊಗೆ ಜಾಸ್ತಿ, ಸೈಲೆನ್ಸರಿನೊಳಗೆ ಮಸಿ. ಸೈಲೆನ್ಸರಿನ ಒಳಕೊಳವೆ ಹೊರಗೆಳೆದು ಅಂಗಳದಲ್ಲಿ ಬೆಂಕಿ ಹಾಕಿ ಸುಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ವಾಸನೆಗೆ ಅಜ್ಜಿ ಬೈಯುತ್ತಿದ್ದರು. 1985ರಲ್ಲಿ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಗಾಡಿ ಬಂದು ಮೈಲೇಜಿನ ಲೆಕ್ಕವನ್ನೇ ಬದಲಿಸಿತು. ಜಾವಾ, ಯೆಜ್ಡಿಗಳ ಇಳಿಗಾಲ ಶುರುವಾದದ್ದು ಆಗ.

2000ದ ಫೆಬ್ರವರಿ 1ರಿಂದ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲ್ ಬಂತು. ಹಳೆ ಗಾಡಿಯವರೆಲ್ಲ ಹೆದರಿದರು, ಅಪ್ಪನೂ ಹೆದರಿದರು. ಆದರೆ ಸೀಸ ಬೇಕಾಗಿದ್ದದ್ದು ಮುಖ್ಯವಾಗಿ ಫೋರ್ ಸ್ಟ್ರೋಕ್ ಇಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ. ಜಾವಾದಲ್ಲಿ ಅಂಥ ವಾಲ್ವೇ ಇಲ್ಲ! ನಮಗೆ ಏನೂ ಆಗಲಿಲ್ಲ.

ಆಮೇಲೆ ಬಂದದ್ದು ಎಥನಾಲ್. ಪೆಟ್ರೋಲಿಗೆ ಕಬ್ಬಿನ ಆಲ್ಕೋಹಾಲ್ ಬೆರೆಸುವ ಯೋಚನೆ ಹಳೆಯದೇ, ಅದಕ್ಕಾಗಿ 1948ರಲ್ಲಿಯೇ ಒಂದು ಕಾಯಿದೆ ಆಗಿತ್ತು. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇಕಡಾ 5 ಬೆರೆಸುವುದು ಶುರುವಾಯಿತು. 2022ರ ಜೂನ್ ಹೊತ್ತಿಗೆ ದೇಶದಲ್ಲಿ ಅದು ಶೇಕಡಾ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಸಮಾವೇಶದಲ್ಲಿಯೇ ಶೇಕಡಾ 20ರ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ಕ್ಕೆ ಅದೇ ಎಲ್ಲೆಡೆಯ ಮಾಮೂಲಿ ಪೆಟ್ರೋಲಾಯಿತು.

ಕಬ್ಬು ಬೆಳೆಯುವ ಮಂಡ್ಯ ನಮ್ಮ ಪಕ್ಕದ ಮನೆಯಂತೆ ಇರುವಾಗ ಎಥನಾಲನ್ನು ದೂರಲು ನನಗೆ ಮನಸ್ಸಿಲ್ಲ. ವಿದೇಶೀ ತೈಲಕ್ಕೆ ಕೊಡುವ ದುಡ್ಡು ಉಳಿದರೆ ಒಳ್ಳೆಯದೇ. ಆದರೆ 1969ರ ಗಾಡಿಗೆ ಇದು ಗೊತ್ತಿಲ್ಲದ ಆಹಾರ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಒಂದಕ್ಕೆ 9 ಪಾಲು ಮಾತ್ರ. ಹಳೆಯ ಜೆಟ್ ತನ್ನ ಹಳೆಯ ಅಳತೆಯಲ್ಲೇ ಕೊಡುತ್ತದೆ. ಹಾಗಾಗಿ ಶೇಕಡಾ 20 ಎಥನಾಲ್ ಇದ್ದಾಗ ಮಿಶ್ರಣ ತಾನಾಗಿಯೇ ಏಳೆಂಟು ಶೇಕಡಾ ತೆಳುವಾಗುತ್ತದೆ. ಜೊತೆಗೆ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ನೀರು ಹೆಚ್ಚು ಸೇರಿದರೆ ಎಥನಾಲ್ ಆ ನೀರಿನ ಜೊತೆ ಸೇರಿ ತಳಕ್ಕೆ ಇಳಿದು ಕೂರುತ್ತದೆ. ಪೆಟ್ರೋಲಿನಲ್ಲಿ ಕರಗಿಸಿದ ಟೂ ಸ್ಟ್ರೋಕ್ ಆಯಿಲ್ ಮೇಲೆಯೇ ಉಳಿಯುತ್ತದೆ. ಕಾಕ್ ಇರುವುದು ತಳದಲ್ಲಿ! ಇನ್ನು ಹಳೆಯ ರಬ್ಬರ್, ಹಳೆಯ ಬಿರಡೆ ವಾಷರುಗಳು ಉಬ್ಬುತ್ತವೆ, ಬಿರುಕು ಬಿಡುತ್ತವೆ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ನನ್ನ ತೀರ್ಮಾನ ಸಿದ್ಧವಾಗಿತ್ತು: ನನ್ನ ಪಿಸ್ಟನ್ ತಿಂದದ್ದು ಎಥನಾಲ್. ಕೇಸ್ ಮುಗಿಯಿತು.

ಮುಗಿದಿರಲಿಲ್ಲ.

* * *

ನಮ್ಮ ಬೀದಿಯ ತುದಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ಕಡೆ ಇದ್ದವರು. ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ಗಾಡಿ ಬೀದಿಗೆ ತಿರುಗಿದರೆ ಒಳಗಿನಿಂದಲೇ "ಟೈಮಿಂಗ್ ನೋಡ್ಕೊ" ಎನ್ನುವವರು. ಅವರ ಮುಂದೆ ಹೋಗಿ ನನ್ನ ಎಥನಾಲ್ ಪ್ರಬಂಧ ಮಂಡಿಸಿದೆ. ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಕಾರ್ಬೊರೇಟ್ರಿಗೆ ಪೆಟ್ರೋಲ್ ಬರ್ತಾ ಇದ್ಯಾ?"

"ಬರ್ತಾ ಇದೆ. ಪೈಪ್ ಬಿಚ್ಚಿ ನೋಡಿದೀನಿ."

"ಎಷ್ಟು ಬರ್ತಾ ಇದೆ?"

ನನ್ನಲ್ಲಿ ಉತ್ತರವಿರಲಿಲ್ಲ. ಪೈಪ್ ಬಿಚ್ಚಿದೆ, ಬಂತು, ಮತ್ತೆ ಹಾಕಿದೆ. ಅಷ್ಟೇ.

"ಎಷ್ಟು ಹೊತ್ತು ನೋಡ್ದೆ?"

ಐದು ಸೆಕೆಂಡ್ ಇರಬಹುದು ಎಂದೆ. ಅವರು ನಕ್ಕರು. "ಐದು ಸೆಕೆಂಡಿಗೆ ಗಾಡಿ ಎಷ್ಟು ದೂರ ಹೋಗುತ್ತೆ? ನಿಂದು ನಿಂತಿದ್ದು ಹದಿನೈದು ಕಿಲೋಮೀಟ್ರಿಗೆ ತಾನೆ? ಹೋಗಿ ಅಳತೆ ಮಾಡ್ಕೊಂಡು ಬಾ."

ಲೆಕ್ಕ ಬರೆಯುವವನಿಗೆ ಬೇರೆಯವರು ಲೆಕ್ಕ ಹೇಳಿಕೊಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಮನೆಗೆ ಬಂದು ಮೊದಲು ಕಾಗದದ ಮೇಲೆ ಬರೆದೆ. ಊರೊಳಗೆ ಗಂಟೆಗೆ 40 ಕಿಲೋಮೀಟರ್, ಲೀಟರಿಗೆ 30 ಎಂದರೆ ಗಂಟೆಗೆ 1.33 ಲೀಟರ್, ಅಂದರೆ ನಿಮಿಷಕ್ಕೆ 22 ಮಿಲಿ. ಹೆದ್ದಾರಿಯಲ್ಲಿ ಇಬ್ಬರು ಕೂತು 70ರಲ್ಲಿ ಹೋದರೆ ಲೀಟರಿಗೆ 24 ಎಂದುಕೊಳ್ಳಿ, ಗಂಟೆಗೆ 2.9 ಲೀಟರ್, ನಿಮಿಷಕ್ಕೆ 49 ಮಿಲಿ. ಇಂಜಿನ್ನಿಗೆ ಬೇಕಾದದ್ದು ಇಷ್ಟು.

ಆಮೇಲೆ ಅಂಗಳದಲ್ಲಿ, ಬೆಂಕಿಪಟ್ಟಣ, ದೀಪ ಎಲ್ಲ ದೂರವಿಟ್ಟು, ಪೈಪಿನ ತುದಿಯನ್ನು ಕಾರ್ಬೊರೇಟರಿನ ಎತ್ತರದಲ್ಲೇ ಹಿಡಿದು, ಅಳತೆಯ ಬಾಟಲಿಗೆ ಬಿಟ್ಟೆ. ಮಗಳ ಕೈಯಲ್ಲಿ ಗಡಿಯಾರ. ಮೊದಲ ನಿಮಿಷ: 210 ಮಿಲಿ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಎರಡನೇ ನಿಮಿಷ: 120. ಮೂರನೆಯದು: 60. ನಾಲ್ಕು, ಐದು, ಆರನೇ ನಿಮಿಷಗಳಲ್ಲಿ: 40ರ ಆಸುಪಾಸು. ಧಾರೆ ಎನ್ನುವುದು ದಾರವಾಗಿತ್ತು.

ಮಗಳೇ ಹೇಳಿದಳು, "ಅಪ್ಪಾ, ಮುಚ್ಚಳ ತೆಗೀತೀನಿ ಇರು." ಟ್ಯಾಂಕಿನ ಮುಚ್ಚಳ ತಿರುಗಿಸಿದಳು. "ಸುಸ್ಸ್" ಎಂದು ಗಾಳಿ ಒಳಕ್ಕೆ ಹೋದ ಸದ್ದು ನನಗೂ ಕೇಳಿಸಿತು. ದಾರ ಮತ್ತೆ ಧಾರೆಯಾಯಿತು. ನಿಮಿಷಕ್ಕೆ 210.

ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಗಾಳಿ ಬರದಿದ್ದರೆ ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲನ್ನು ಹಿಡಿದು ಎಳೆಯುತ್ತದೆ. ತೆಂಗಿನಕಾಯಿಗೆ ಒಂದೇ ಕಣ್ಣು ಕೊರೆದರೆ ಎಳನೀರು ಸರಾಗವಾಗಿ ಸುರಿಯುವುದಿಲ್ಲವಲ್ಲ, ಹಾಗೆ. ನನ್ನ ಟ್ಯಾಂಕಿಗೆ ಅಲ್ಲಿ ಇಲ್ಲಿ ಸಂದಿಯಿಂದ ಗಾಳಿ ನುಸುಳಿ ನಿಮಿಷಕ್ಕೆ 40 ಮಿಲಿ ಕೊಡುತ್ತಿತ್ತು. ಊರಿಗೆ 22 ಸಾಕು, ಅದಕ್ಕೇ ಊರೊಳಗೆ ಬಂಗಾರ. ಹೆದ್ದಾರಿಗೆ 49 ಬೇಕು. ಆ 9 ಮಿಲಿಯ ಕೊರತೆ ಫ್ಲೋಟ್ ತೊಟ್ಟಿಯ ಮಟ್ಟವನ್ನು ನಿಧಾನವಾಗಿ ಇಳಿಸುತ್ತಾ, ಮಿಶ್ರಣವನ್ನು ತೆಳು ಮಾಡುತ್ತಾ ಹೋಗುತ್ತಿತ್ತು.

ಫೋರ್ ಸ್ಟ್ರೋಕ್ ಆಗಿದ್ದರೆ ಗಾಡಿ ಗುಕ್ಕುಗುಕ್ಕು ಎಂದು ನಿಲ್ಲುತ್ತಿತ್ತು, ಅಷ್ಟೇ. ಅದಕ್ಕೆ ಆಯಿಲ್ ಬೇರೆ ಇರುತ್ತದೆ. ನನ್ನ ಜಾವಾದಲ್ಲಿ ಆಯಿಲ್ ಪೆಟ್ರೋಲಿನೊಳಗೇ ಇದೆ, ಲೀಟರಿಗೆ 50 ಮಿಲಿಯ ಹಾಗೆ ಬೆರೆಸಿ ಹಾಕುತ್ತೇವೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಬಿಸಿ ಹೆಚ್ಚುವ ಹೊತ್ತಿಗೇ ಎಣ್ಣೆ ತಪ್ಪುತ್ತದೆ. ಪಿಸ್ಟನ್ ಕಚ್ಚದೆ ಇನ್ನೇನು ಮಾಡೀತು?

* * *

ಈಗ ಕೊನೆಯ ಮಾತು, ಹೇಳಲು ಕಷ್ಟವಾದ ಮಾತು.

ಮುಚ್ಚಳದ ತೂತು ಮುಚ್ಚಿದವರು ಯಾರು? ಕಸವಲ್ಲ, ತುಕ್ಕಲ್ಲ. ನಾನೇ.

2022ರ ಬೇಸಿಗೆಯಲ್ಲಿ ಮುಚ್ಚಳದ ಹಳೆಯ ವಾಷರ್ ಉಬ್ಬಿ ಬಿರುಕು ಬಿಟ್ಟಿತ್ತು. ಪೆಟ್ರೋಲ್ ತುಳುಕಿ ಟ್ಯಾಂಕಿನ ಬಣ್ಣದ ಮೇಲೆ ಇಳಿಯುತ್ತಿತ್ತು. ಅಂಗಡಿಗಳಲ್ಲಿ ಸರಿಯಾದದ್ದು ಸಿಗಲಿಲ್ಲ. ನಾನು ಮಹಾ ಬುದ್ಧಿವಂತ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ವಾಷರ್ ಮಾಡಿದೆ. ಗಾಳಿಗೆಂದು ಮೊಳೆ ಕಾಯಿಸಿ ನಡುವೆ ತೂತನ್ನೂ ಮಾಡಿದ್ದೆ, ಆ ಬಗ್ಗೆ ಹೆಮ್ಮೆಯೂ ಇತ್ತು. ಆದರೆ ಟ್ಯೂಬಿನ ರಬ್ಬರ್ ಪೆಟ್ರೋಲಿನಲ್ಲಿ ನೆನೆದರೆ ಹಪ್ಪಳ ಎಣ್ಣೆಗೆ ಬಿದ್ದ ಹಾಗೆ ಉಬ್ಬುತ್ತದೆ. ಕೆಲವೇ ದಿನಗಳಲ್ಲಿ ತೂತು ತಾನೇ ಮುಚ್ಚಿಕೊಂಡಿತ್ತು. ಇದ್ದೇ ಇದೆಯಲ್ಲ ಎಂಬ ನಂಬಿಕೆಯಲ್ಲಿ ನಾನು ಮತ್ತೆ ಅದನ್ನು ತಿರುಗಿ ನೋಡಲೇ ಇಲ್ಲ. ಮೊದಲ ಸೀಜ್ ಆದದ್ದು ಅದಾದ ಒಂದೆರಡು ತಿಂಗಳಿಗೆ. ಬೋರ್ ಮಾಡಿದವನ ತಪ್ಪಲ್ಲ, ಚೆಕ್ಕರ ತಪ್ಪಲ್ಲ, ಎಥನಾಲ್ ಒಂದರದ್ದೇ ತಪ್ಪೂ ಅಲ್ಲ. ಹಳೆ ವಾಷರ್ ಉಬ್ಬಿದ್ದರಲ್ಲಿ ಅದರ ಪಾಲಿರಬಹುದು. ಮಗಳನ್ನು ಕೂರಿಸಿಕೊಂಡು ಹೊರಟ ಗಾಡಿಯ ಉಸಿರು ಕಟ್ಟಿದ್ದು ಮಾತ್ರ ನನ್ನ ಕೈ.

ಪೆಟ್ರೋಲ್ ತಡೆಯುವ ಸರಿಯಾದ ರಬ್ಬರಿನ ಹಾಳೆ ತಂದು ವಾಷರ್ ಮಾಡಿಸಿದೆ. ಪೈಪ್ ಬದಲಿಸಿದೆ. ಕಾಕ್ ಒಳಗಿನ ಬಿರಡೆಯನ್ನೂ ತೆಗೆಸಿದೆ. ಸಿಲಿಂಡರ್ ಬಿಚ್ಚಿ ನೋಡಿದಾಗ ಗೀರುಗಳು ಆಳವಾಗಿರಲಿಲ್ಲ. ಪಿಸ್ಟನ್ ಮೇಲಿನ ಅಲ್ಯೂಮಿನಿಯಂ ಉಜ್ಜಿ ತೆಗೆದು, ರಿಂಗ್ ಹೊಸದು ಹಾಕಿದರೆ ಸಾಕಾಯಿತು. ಆ ಕೊನೆಯ ಬೋರ್ ಇನ್ನೂ ಉಳಿದಿದೆ. ನೀಡಲನ್ನು ಒಂದು ಗೀರು ಮೇಲೇರಿಸಿದ್ದೇನೆ, ಹೊಸ ಪೆಟ್ರೋಲಿಗಾಗಿ. ಅಪ್ಪ ಇಳಿಸಿದ್ದನ್ನು ಮಗ ಏರಿಸಿದ! ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ಬಸಿದು, ಫ್ಲೋಟ್ ತೊಟ್ಟಿ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಗಾಡಿಯಿದ್ದರೆ ನಾನು ಹೋದ ಕ್ರಮದಲ್ಲಿ ಹೋಗಬೇಡಿ, ಅದನ್ನು ತಿರುಗಿಸಿ. ಮೊದಲು ಮುಚ್ಚಳ. ಗಾಡಿ ಸೋತಾಗ ಮುಚ್ಚಳ ತೆಗೆದು ಕಿವಿಗೊಡಿ. ಆಮೇಲೆ ಕಾಕ್, ಅದರ ಜಾಲರಿ, ಪೈಪ್. ಬಾಟಲಿ ಹಿಡಿದು ಐದಾರು ನಿಮಿಷ ಅಳೆಯಿರಿ, ಐದು ಸೆಕೆಂಡ್ ಅಲ್ಲ. ಆಮೇಲೆ ಫ್ಲೋಟ್, ಅದರ ಸೂಜಿ. ಜೆಟ್ ಆಮೇಲೆ. ಬೋರ್ ಎಲ್ಲಕ್ಕಿಂತ ಕೊನೆ.

2020ರ ಏಪ್ರಿಲ್‌ನಿಂದ ಬಂದ ಹೊಗೆ ನಿಯಮಗಳ ಕಾರಣ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಮಾಯವಾಗಿದೆ. 2018ರಲ್ಲಿ ಮತ್ತೆ ಹುಟ್ಟಿಬಂದ ಜಾವಾದಲ್ಲೂ ಅದಿಲ್ಲ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. 1893ರಲ್ಲಿ ಶುರುವಾದ ಒಂದು ಅಧ್ಯಾಯ ಹೀಗೆ ಮುಗಿಯಿತು. ಒಳ್ಳೆಯದೇ. ಆದರೂ ಹಳೆಯದು ಮನೆಯಲ್ಲಿ ಇರುವವರೆಗೆ ಅದರ ಭಾಷೆ ತಿಳಿದವರು ಒಬ್ಬರಾದರೂ ಬೇಕು.

ಮೊನ್ನೆ ನಂಜನಗೂಡಿಗೆ ಹೋಗಿಬಂದೆವು. ಹೊರಡುವ ಮೊದಲು ಮಗಳು ಮುಚ್ಚಳ ಬಿಚ್ಚಿ, ಬೆಳಕಿಗೆ ಹಿಡಿದು, ತೂತಿನೊಳಗಿಂದ ಒಂದು ಕಣ್ಣಲ್ಲಿ ನನ್ನನ್ನು ನೋಡಿ, "ಸರಿ ಇದೆ, ಹೋಗೋಣ" ಎಂದಳು.